ಎರಡನೇ ಹೂಂ

ಒಪ್ಪಿಗೆಯಪ್ಪನವರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತುಹೋಗಿದೆ ಎಂದು ಬೀದಿಯವರು ಹೇಳುತ್ತಿದ್ದರು. ಅದು ಕೊಂಚ ಅತಿಯಾಯಿತು. ಹೆಂಡತಿಗೆ ನೆನಪಿತ್ತು, ಮರೆತದ್ದು ಅವರಿಗೇ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಕೇಳದೆ ಕೂತವರಲ್ಲ ಅವರು. "ಕೂತ್ಕೊಳ್ಳಿ" ಎಂದು ಪಕ್ಕದವನು ಹೇಳಿದರೆ, "ನಿಜವಾಗ್ಲೂ ತೊಂದರೆ ಇಲ್ವಾ?" ಎಂದು ಎರಡನೇ ಸಲ ಕೇಳುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದಿರುತ್ತಿತ್ತು. ಇಪ್ಪತ್ತಾರು ವರ್ಷ ಅದೇ ಬಸ್ಸಿನಲ್ಲಿ ಓಡಾಡಿ ಒಂದು ದಿನವೂ ಕೂತಿರಲಿಲ್ಲ. ನಾಲ್ಕು ಜನರ ನಡುವೆ ಸೀನು ಬಂದರೆ ಮೊದಲು ನಾಲ್ಕೂ ಮುಖ ನೋಡುತ್ತಿದ್ದರು. ಯಾರ ಹುಬ್ಬೂ ಗಂಟಿಕ್ಕಿಲ್ಲ ಎಂದು ಖಾತ್ರಿಯಾದ ಮೇಲೇ ಸೀನುವುದು. ಹಾಗೆ ತಡೆದಿಟ್ಟ ಸೀನುಗಳೆಲ್ಲ ಒಂದು ಮಧ್ಯಾಹ್ನ ಒಟ್ಟಿಗೆ ಹೊರಟು, ಎದುರು ಮನೆಯವರು ಒಣಹಾಕಿದ್ದ ಬಟ್ಟೆಗಳು ಪಕ್ಕದ ಬೀದಿಗೆ ಹೋಗಿ ಬಿದ್ದವಂತೆ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಅವರು ಹಾಸಿಗೆ ಅಂಗಡಿಗೆ ಸೇರಿದ್ದು ಅಂಚು ಹೊಲಿಯುವ ಕೆಲಸಕ್ಕೆ. ಎರಡನೇ ವರ್ಷ ಯಜಮಾನರು ಒಂದು ಮಾದರಿ ಹಾಸಿಗೆಯನ್ನು ಅವರ ತಲೆ ಮೇಲೆ ಹೊರಿಸಿ, ಮನೆಮನೆ ಬಾಗಿಲು ತಟ್ಟಲು ಕಳಿಸಿದರು. ಹದಿನೇಳನೇ ಮನೆಯಲ್ಲಿ ಒಬ್ಬ ಅಜ್ಜಿ ಬಾಗಿಲು ತೆರೆದು, ಹಾಸಿಗೆಯನ್ನೂ ಅದರ ಕೆಳಗಿದ್ದ ಮನುಷ್ಯನನ್ನೂ ನಿಧಾನವಾಗಿ ನೋಡಿ, "ನಿನ್ನನ್ನ ಯಾರಪ್ಪ ಕರೆದಿದ್ದು?" ಎಂದರು. ಗದರಿದ್ದರೆ ಮರೆತುಬಿಡಬಹುದಿತ್ತು. ಅಜ್ಜಿ ಗದರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದರು. ಒಪ್ಪಿಗೆಯಪ್ಪನವರನ್ನು ಯಾರೂ ಕರೆದಿರಲಿಲ್ಲ. ಅಂದಿನಿಂದ ಕರೆಯದೆ ಎಲ್ಲಿಗೂ ಹೋಗಬಾರದು, ಕೇಳದೆ ಏನೂ ಮಾಡಬಾರದು ಎಂದು ತೀರ್ಮಾನಿಸಿ ಹಾಸಿಗೆಯನ್ನು ವಾಪಸು ಹೊತ್ತು ತಂದರು.

ಮದುವೆಯೂ ಹೀಗೇ ಆಯಿತು. ಹಿರಿಯರೆಲ್ಲ ಕೂತಿದ್ದಾಗ ಹುಡುಗಿ ಹೂಂ ಎಂದಿದ್ದರು. ಮಾರನೇ ದಿನ ಇವರು ಒಬ್ಬರೇ ಅವರ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು, "ನಿನ್ನೆ ಎಲ್ಲರ ಮುಂದೆ ಹೇಳಿದ್ರಿ. ಈಗ ಯಾರೂ ಇಲ್ಲ. ಹೇಳಿ, ನಿಜವಾಗ್ಲೂ ಒಪ್ಪಿಗೇನಾ?" ಎಂದು ಕೇಳಿದರು. ಆಕೆ ಒಂದು ಗಳಿಗೆ ನೋಡಿ, "ಹೂಂ. ಆದ್ರೆ ಮೂರನೇ ಸಲ ಕೇಳ್ಬೇಡಿ" ಎಂದರು. ಮೊದಲನೇ ಹೂಂ ಮುಲಾಜಿನದು, ಎರಡನೆಯದೇ ಮನಸ್ಸಿನದು ಎಂಬ ಸಿದ್ಧಾಂತ ಒಪ್ಪಿಗೆಯಪ್ಪನವರಿಗೆ ಸಿಕ್ಕಿದ್ದು ಆ ಹೊಸ್ತಿಲಲ್ಲಿ.

ಮೊಣಕಾಲು ನೋವು ಶುರುವಾದ ಮೇಲೆ ಯಜಮಾನರು ಅವರನ್ನು ಹೊಲಿಗೆಯಿಂದ ಬಿಡಿಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಎಲ್ಲ ಅಂಗಡಿಯವರೂ ಗಿರಾಕಿಗಳಿಗೆ ಇಮೇಲಿನಲ್ಲಿ ವಾರದ ಪತ್ರ ಕಳಿಸುತ್ತಾರಂತೆ, ನಮ್ಮದೂ ಒಂದಿರಲಿ ಎಂದರು. ಹೀಗೆ ಹುಟ್ಟಿದ್ದು ಮಂಗಳವಾರದ ಪತ್ರ. ಪತ್ರದ ಕೊನೆಗೆ ಸಹಿ ಯಜಮಾನರದು, ಬರೆಯುವವರು ಒಪ್ಪಿಗೆಯಪ್ಪ. ಪ್ರತಿ ಪತ್ರವೂ ಒಂದೇ ಸಾಲಿನಿಂದ ಶುರುವಾಗುತ್ತಿತ್ತು: "ಪ್ರಿಯರೇ, ನಿನ್ನೆ ಚೆನ್ನಾಗಿ ನಿದ್ದೆ ಬಂತೇ?" ಆಮೇಲೆ ದಿಂಬಿನ ಎತ್ತರ, ಹೊದಿಕೆ ಒಗೆಯುವ ಬಗೆ, ಎಡಮಗ್ಗುಲಾಗಿ ಮಲಗುವುದರ ಲಾಭ. ಮಾರುವ ಮಾತು ಕೊನೆಯಲ್ಲಿ ಒಂದೇ ಸಾಲು, ಅದೂ ನಾಚಿಕೊಂಡು.

ಪತ್ರ ಸುಮ್ಮನೆ ಯಾರಿಗೂ ಹೋಗುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಫಾರಂ, ದಾರ ಕಟ್ಟಿದ ಪೆನ್ನು. ಬೇಕೆನ್ನುವವರು ವಿಳಾಸ ಬರೆದು ತಮ್ಮ ಕೈಯಾರೆ ಗುರುತು ಹಾಕಬೇಕು. ಅದು ಮೊದಲನೇ ಹೂಂ. ಆಮೇಲೆ ಅವರ ಇಮೇಲಿಗೆ ಒಂದು ಪತ್ರ: ನಿಜವಾಗಿಯೂ ಬೇಕಿದ್ದರೆ ಈ ಲಿಂಕ್ ಒತ್ತಿ. ಅದು ಎರಡನೆಯದು. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರೂ ನಗುತ್ತಿರಲಿಲ್ಲ. ಒಪ್ಪಿಗೆಯಪ್ಪ ಆ ಪತ್ರದಲ್ಲಿ ನಾಲ್ಕು ಪ್ಯಾರಾ ಬರೆದಿದ್ದರು. ದಾಕ್ಷಿಣ್ಯಕ್ಕೆ ಒತ್ತಬೇಡಿ, ಅವಸರವಿಲ್ಲ, ಮನೆಯವರನ್ನೂ ಒಂದು ಮಾತು ಕೇಳಿ, ಬೇಡವೆನಿಸಿದರೆ ನಮಗೆ ಎಳ್ಳಷ್ಟೂ ಬೇಸರವಿಲ್ಲ. ಓದಿದವರಲ್ಲಿ ಅರ್ಧ ಜನ, ಇದೇನೋ ಅಂಗಾಂಗ ದಾನದ ಪತ್ರ ಇರಬೇಕೆಂದು ಹೆದರಿ ಮುಚ್ಚಿಬಿಡುತ್ತಿದ್ದರು.

ಮೇಜಿನ ಎದುರು ಗೋಡೆಗೆ ರಟ್ಟಿನ ಮೇಲೆ ಒಂದು ನಿಯಮ ಬರೆದು ತೂಗುಹಾಕಿದ್ದರು: "ಬಿಟ್ಟುಹೋದವರ ಬೆನ್ನು ಹತ್ತಬಾರದು. ಯಾಕೆ ಹೋದಿರಿ ಎಂದು ಕೇಳುವುದೂ ಬೆನ್ನು ಹತ್ತಿದಂತೆಯೇ."

ಹೀಗೆ ಒಂದೂವರೆ ವರ್ಷ ನಡೆಯಿತು. ಪಟ್ಟಿಗೆ ಒಂಬೈನೂರ ಚಿಲ್ಲರೆ ಜನ ಸೇರಿದ್ದರು. ಅಷ್ಟರಲ್ಲಿ ಯಜಮಾನರ ಸೋದರಳಿಯ ಬಂದ. ಅಂಗಡಿಯವರು ಅವನಿಗೆ ಇಟ್ಟ ಹೆಸರು ಬಿರುಗಾಳಿ. ಅವನು ಕುರ್ಚಿಯಲ್ಲಿ ಕೂತರೆ ಮೇಜಿನ ಮೇಲಿನ ಕಾಗದ ಹಾರುತ್ತಿತ್ತು. ಅವನ ಹತ್ತಿರ ಎಲ್ಲಿಂದಲೋ ಕೊಂಡು ತಂದ ನಲವತ್ತು ಸಾವಿರ ಇಮೇಲ್ ವಿಳಾಸಗಳಿದ್ದವು.

"ಮಾವ, ಇವರು ವಾರಕ್ಕೆ ಹನ್ನೆರಡು ಜನರನ್ನ ಸೇರಿಸ್ತಾರೆ. ನಲವತ್ತು ಸಾವಿರ ಆಗೋಕೆ ಅರವತ್ತು ವರ್ಷ ಬೇಕು. ಅಷ್ಟರಲ್ಲಿ ಜನ ಮಲಗೋದನ್ನೇ ಬಿಟ್ಟಿರ್ತಾರೆ."

"ಆ ನಲವತ್ತು ಸಾವಿರ ಜನರಲ್ಲಿ ಕಳಿಸಿ ಅಂದೋರು ಎಷ್ಟು?" ಎಂದು ಕೇಳಿದರು ಒಪ್ಪಿಗೆಯಪ್ಪ.

"ಬೇಡ ಅಂದೋರು ಒಬ್ಬರೂ ಇಲ್ವಲ್ಲ ಸಾರ್."

ಯಜಮಾನರು ಇಬ್ಬರನ್ನೂ ನೋಡಿ, ಇಬ್ಬರಿಗೂ ನೋಯದ ಹಾಗೆ ಒಂದು ಮಾತು ಹೇಳಿದರು: "ನೋಡ್ರೀ ಒಪ್ಪಿಗೆಯಪ್ಪನೋರೆ, ಈ ತಿಂಗಳ ಕೊನೇ ಶನಿವಾರ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಸಾವಿರ ಆಗಿರಬೇಕು. ಆಯ್ತೋ, ಪತ್ರ ನಿಮ್ಮದೇ. ಆಗ್ಲಿಲ್ವೋ, ಪತ್ರ ಇವನಿಗೆ. ನೀವು ಮತ್ತೆ ಅಂಚು ಹೊಲೀರಿ."

ಹೊಲಿಗೆಗೆ ಒಪ್ಪಿಗೆಯಪ್ಪ ಹೆದರಲಿಲ್ಲ. ಹೆದರಿದ್ದು ಮಂಗಳವಾರವಿಲ್ಲದ ವಾರಕ್ಕೆ. ಜೀವಮಾನದಲ್ಲಿ ಮೊದಲ ಸಲ ಅವರನ್ನು ಜನ ಕರೆದಿದ್ದರು. ಒಬ್ಬೊಬ್ಬರೂ ಎರಡೆರಡು ಸಲ ಕರೆದಿದ್ದರು.

ಕೊನೆಯ ಮಂಗಳವಾರ ಪತ್ರ ಕಳಿಸುವ ಹೊತ್ತಿಗೆ ಪಟ್ಟಿಯಲ್ಲಿ ಸರಿಯಾಗಿ ಸಾವಿರ. ಒಪ್ಪಿಗೆಯಪ್ಪ ಆ ದಿನ ಬಸ್ಸಿನಲ್ಲಿ ಕೂತೇಬಿಟ್ಟರು ಎಂದು ಕಂಡಕ್ಟರ್ ಊರೆಲ್ಲ ಹೇಳಿಕೊಂಡು ತಿರುಗಿದ. ಬುಧವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಒಂಬೈನೂರ ತೊಂಬತ್ತೊಂಬತ್ತು. ಒಬ್ಬರು ಬಿಟ್ಟುಹೋಗಿದ್ದರು. ಯಾರೆಂದು ನೋಡಿದರು. ಪಟ್ಟಿಯ ಮೊಟ್ಟಮೊದಲ ಹೆಸರು. ಅವರ ಹೆಂಡತಿ.

ಆಕೆ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು. ದಿನವಿಡೀ ಮಕ್ಕಳಿಗೆ "ಶ್" ಎನ್ನುವ ಕೆಲಸ. ಮನೆಗೆ ಬಂದಮೇಲೂ ಹೆಚ್ಚು ಮಾತಿನವರಲ್ಲ. ಬುಧವಾರ ಸಂಜೆ ಒಪ್ಪಿಗೆಯಪ್ಪ ಊಟದ ಮೇಜಿನೆದುರು ಕೂತು ಹೆಂಡತಿಯ ಮುಖ ನೋಡಿದರು. ಯಾಕೆ ಹೋದೆ ಎಂದು ಕೇಳಲು ಬಾಯಿ ತೆರೆದರು. ಗೋಡೆಯ ರಟ್ಟು ಕಣ್ಣಮುಂದೆ ಬಂತು. ಬಾಯಿ ಮುಚ್ಚಿದರು. ಹೀಗೆ ಏಳೆಂಟು ಸಲ ಆಯಿತು.

"ಏನ್ರೀ ಅದು, ಮೀನಿನ ಹಾಗೆ?" ಎಂದರು ಆಕೆ.

"ಏನಿಲ್ಲ. ಉಪ್ಪು ಹಾಕ್ಕೊಳ್ಳಲಾ?"

"ಹಾಕ್ಕೊಳ್ಳಿ."

"ನಿಜವಾಗ್ಲೂ?"

ಆಕೆ ತಟ್ಟೆ ಎತ್ತಿಕೊಂಡು ಹೋದರು. ಒಂದೇ ಮನೆ, ಒಂದೇ ಮಂಚ, ಅಷ್ಟಿದ್ದೂ ಒಪ್ಪಿಗೆಯಪ್ಪನವರಿಗೆ ಹೆಂಡತಿ ಈಗ ಬಿಟ್ಟುಹೋದ ಗಿರಾಕಿ. ಕೇಳುವಂತಿಲ್ಲ.

ಇನ್ನೊಂದು ಹೆಸರು ಹುಡುಕಲು ಗುರುವಾರ ಹೊರಟರು. ಕ್ಷೌರದವನು ಹೂಂ ಎಂದ. ಕತ್ತರಿ ಅವನ ಕೈಯಲ್ಲಿತ್ತು, ಧೈರ್ಯವಾಗಿ ಹೂಂ ಎಂದ. ದರ್ಜಿ ಹೂಂ ಎಂದ. ಹಲ್ಲಿನ ಡಾಕ್ಟರ ಹತ್ತಿರ, ಬಾಯಿ ತುಂಬ ಹತ್ತಿ ತುರುಕಿಸಿಕೊಂಡು, ಕೈಸನ್ನೆಯಲ್ಲೇ ವಾರದ ಪತ್ರದ ವಿಷಯ ವಿವರಿಸಿದರು. ಡಾಕ್ಟರು ಪಕ್ಕದ ಹಲ್ಲೂ ನೋಯುತ್ತಿದೆಯೆಂದು ತಿಳಿದು ಅದನ್ನೂ ಕಿತ್ತರಂತೆ. ಆದರೂ ಹೊರಡುವಾಗ ಹೂಂ ಎಂದರು. ಒಂದೇ ದಿನ ಮೂವತ್ತೊಂದು ಹೂಂ. ಮೂವತ್ತೊಂದು ಜನಕ್ಕೂ ನಾಲ್ಕು ಪ್ಯಾರಾದ ಪತ್ರ ಹೋಯಿತು. ಕ್ಷೌರದವನು ಮನೆಯವರನ್ನು ಕೇಳಿದ, ಮನೆಯವರು ಬೇಡವೆಂದರು. ದರ್ಜಿ ಅವಸರವಿಲ್ಲ ಎಂಬ ಮಾತನ್ನು ಹಾಗೇ ನಂಬಿದ. ಶುಕ್ರವಾರ ಮಧ್ಯಾಹ್ನದವರೆಗೂ ಒಬ್ಬರೂ ಒತ್ತಲಿಲ್ಲ.

ಶುಕ್ರವಾರ ಸಂಜೆ, ಎರಡು ಬೀದಿ ಆಚೆ ಇದ್ದ ಮಗಳು ಬಂದಳು. ಅಪ್ಪ ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕೂತದ್ದನ್ನು ಕಂಡು ಪಕ್ಕದಲ್ಲಿ ಕೂತಳು. ಅವರು ಎಲ್ಲ ಹೇಳಿದರು.

"ಅಮ್ಮನ್ನ ಕೇಳೋದಲ್ವಾ ಅಪ್ಪ?"

"ಕೇಳೋ ಹಾಗಿಲ್ಲಮ್ಮ."

"ಹೋಗ್ಲಿ, ಅಮ್ಮ ಬರೆದಿದ್ದನ್ನ ಓದಿದ್ಯಾ?"

"ಏನು ಬರೆದಿದ್ದು?"

ಮಗಳು ಅವರನ್ನೇ ನೋಡಿದಳು. "ಪ್ರತಿ ಮಂಗಳವಾರ ನಿದ್ದೆ ಬಂತಾ ಅಂತ ಕೇಳ್ತೀಯಲ್ಲ ಅಪ್ಪ. ಅಮ್ಮ ಪ್ರತಿ ಮಂಗಳವಾರ ಉತ್ತರ ಬರೀತಾಳೆ. ಗ್ರಂಥಾಲಯದ ಕಂಪ್ಯೂಟರಲ್ಲಿ ಕೂತು."

ಒಪ್ಪಿಗೆಯಪ್ಪ ಮೆಟ್ಟಿಲಿಂದ ಎದ್ದು ನಿಂತರು. ಪತ್ರಕ್ಕೆ ಬರುವ ಉತ್ತರಗಳೆಲ್ಲ ಬೇರೊಂದು ಪೆಟ್ಟಿಗೆಗೆ ಬೀಳುತ್ತಿದ್ದವು. ಆ ಪೆಟ್ಟಿಗೆಯನ್ನು ಅವರು ಇವತ್ತಿನವರೆಗೂ ತೆರೆದಿರಲಿಲ್ಲ. ಸೋಮಾರಿತನದಿಂದಲ್ಲ. ಪತ್ರದಲ್ಲಿ ಸಹಿ ಯಜಮಾನರದು, ಹಾಗಾಗಿ ಉತ್ತರವೂ ಯಜಮಾನರಿಗೆ ಬಂದದ್ದು. ಇನ್ನೊಬ್ಬರ ಕಾಗದ ಓದಲು ಅಪ್ಪಣೆ ಬೇಕು. ಒಂದೂವರೆ ವರ್ಷದ ಹಿಂದೆಯೇ ಯಜಮಾನರನ್ನು ಕೇಳಿದ್ದರು. ಅವರು ಫೋನಿನಲ್ಲಿ ಮಾತಾಡುತ್ತ ಹೂಂ ಎಂದಿದ್ದರು. ಅದು ಮೊದಲನೆಯದು. ಎರಡನೆಯದಕ್ಕೆ ಪದ್ಧತಿಯಂತೆ ಯಜಮಾನರ ಇಮೇಲಿಗೇ ನಾಲ್ಕು ಪ್ಯಾರಾದ ಪತ್ರ ಕಳಿಸಿ, ಲಿಂಕ್ ಒತ್ತುವುದನ್ನು ಕಾಯುತ್ತಿದ್ದರು. ಇನ್ನೂ ಕಾಯುತ್ತಿದ್ದರು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವುದಕ್ಕೆ ಮೊದಲೇ ಅವರು ಯಜಮಾನರ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಸಾರ್, ತಾವು ಒಂದು ಲಿಂಕ್ ಒತ್ತೋದು ಬಾಕಿ ಇದೆ."

"ಯಾವುದ್ರೀ?"

"ಒಂದೂವರೆ ವರ್ಷದ ಹಿಂದೆ ಕಳಿಸಿದ್ದು."

"ಅಯ್ಯೋ ಮಾರಾಯರೇ, ಬಾಯಲ್ಲಿ ಹೇಳಿದ್ದು ಸಾಲದಾ? ಓದ್ರೀ."

"ಅದು ಮೊದಲನೇ ಹೂಂ ಸಾರ್."

ಯಜಮಾನರು ಹಣೆ ಚಚ್ಚಿಕೊಂಡು ತಮ್ಮ ಇಮೇಲ್ ತೆರೆದರು. ಒಳಗೆ ಓದದ ಪತ್ರಗಳು ಅರವತ್ತೊಂದು ಸಾವಿರ. ಕೂದಲು ಬೆಳೆಸುವ ಎಣ್ಣೆ, ಸಮುದ್ರದ ನಡುವೆ ಸೈಟು, ಮೂರು ದಿನದಲ್ಲಿ ಇಂಗ್ಲಿಷು, ಯಾರೋ ತೀರಿಕೊಂಡ ಅರಸನ ಆಸ್ತಿಯಲ್ಲಿ ಪಾಲು. ಯಜಮಾನರ ತಲೆ ಕನ್ನಡಿಯ ಹಾಗೆ ಬೋಳಾಗಿತ್ತು. ಬಾಚಣಿಗೆ ಮಾರುವವರೇ ಇನ್ನೂರು ಸಲ ಬರೆದಿದ್ದರು. ಒಪ್ಪಿಗೆಯಪ್ಪನ ಹೆಸರು ಬರೆದು ಹುಡುಕೋಣವೆಂದರೆ ಅವರ ನಿಜವಾದ ಹೆಸರು ಇಬ್ಬರಿಗೂ ಹೊಳೆಯಲಿಲ್ಲ. ಅಂತೂ ಒಂದೊಂದೇ ಸರಿಸುತ್ತ ಹೊರಟರು. ಬಿರುಗಾಳಿಯನ್ನೂ ಸಹಾಯಕ್ಕೆ ಕೂರಿಸಿಕೊಂಡರು. ಹತ್ತು ಗಂಟೆಗೆ ಯಜಮಾನರ ಕಣ್ಣು ಕೆಂಪಾಯಿತು. ಹನ್ನೊಂದಕ್ಕೆ ಬೆರಳು ಮರಗಟ್ಟಿತು.

"ಇವರೆಲ್ಲ ಯಾರೋ? ನನ್ನ ವಿಳಾಸ ಇವರಿಗೆ ಕೊಟ್ಟೋರು ಯಾರು?" ಎಂದು ಗುಡುಗಿದರು.

ಬಿರುಗಾಳಿ ಮೆಲ್ಲಗೆ, "ಕೊಂಡ್ಕೊಂಡಿರ್ತಾರೆ ಮಾವ" ಎಂದ.

"ಎಲ್ಲಿ?"

"ನಾನು ಕೊಂಡ್ಕೊಂಡ ಪಟ್ಟೀಲೂ ನಿಮ್ಮ ಹೆಸರಿದೆ. ಎರಡು ಕಡೆ."

ಯಜಮಾನರು ಅಳಿಯನನ್ನು ನೋಡಿದ ನೋಟಕ್ಕೆ ಹಾರಿಹೋಗಿದ್ದ ಕಾಗದಗಳೂ ಮೇಜಿನ ಮೇಲೆ ಬಂದು ಕೂತವು. ಹನ್ನೊಂದೂಮುಕ್ಕಾಲಿಗೆ, ತೂಕ ಇಳಿಸುವ ಬೆಲ್ಟಿಗೂ ಅದೃಷ್ಟದ ಉಂಗುರಕ್ಕೂ ನಡುವೆ ಸಿಕ್ಕಿಹಾಕಿಕೊಂಡಿದ್ದ ಒಪ್ಪಿಗೆಯಪ್ಪನ ಪತ್ರ ಸಿಕ್ಕಿತು. ಯಜಮಾನರು ಒತ್ತಿದರು. ಉತ್ತರದ ಪೆಟ್ಟಿಗೆ ತೆರೆಯಿತು.

ಒಳಗೆ ಸಾವಿರದ ಮುನ್ನೂರು ಉತ್ತರ. ನಿದ್ದೆ ಬಂತೇ ಎಂದು ಕೇಳಿದ್ದಕ್ಕೆ ಜನ ಹೇಳಿಕೊಂಡಿದ್ದರು. ಒಬ್ಬರಿಗೆ ಬೆಕ್ಕು ಕಾಲ ಮೇಲೆ ಮಲಗುತ್ತದೆ. ಒಬ್ಬರಿಗೆ ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ. ಇನ್ನೊಬ್ಬರು ಒಂದು ಹಾಸ್ಟೆಲಿನ ಮೇಲ್ವಿಚಾರಕರು: "ಅರವತ್ತು ಮಂಚಗಳಿಗೆ ಹಾಸಿಗೆ ಬೇಕು, ಅಳತೆ ತೆಗೆಯಲು ಯಾವಾಗ ಬರುತ್ತೀರಿ?" ಬರೆದು ಹದಿನಾಲ್ಕು ತಿಂಗಳಾಗಿತ್ತು. ಒಂದು ತಿಂಗಳ ನಂತರದ ಎರಡನೇ ಪತ್ರ: "ಬೇರೆ ಕಡೆ ತೆಗೆದುಕೊಂಡೆವು. ನಿಮ್ಮ ಪತ್ರ ಮಾತ್ರ ಚೆನ್ನಾಗಿದೆ." ಯಜಮಾನರು ಎದೆ ಹಿಡಿದುಕೊಂಡು ನೀರು ಕುಡಿದರು.

"ಇದ್ಯಾರು, ಒಬ್ಬರೇ ಎಪ್ಪತ್ತೇಳು ಬರೆದಿದ್ದಾರೆ?" ಎಂದು ಮುಂದಿನದನ್ನು ದೊಡ್ಡದಾಗಿ ಓದತೊಡಗಿದರು. "'ಇಲ್ಲ, ನಿದ್ದೆ ಬರಲಿಲ್ಲ. ನಮ್ಮ ಹಾಸಿಗೆಯ ನಡುವೆ ಹಳ್ಳ ಬಿದ್ದಿದೆ. ಮಲಗಿದ ಕೂಡಲೇ ಗಂಡನ ಕಡೆಗೆ ಉರುಳುತ್ತೇನೆ. ಮದುವೆಯಾದ ಹೊಸತರಲ್ಲಾಗಿದ್ದರೆ ದೂರುತ್ತಿರಲಿಲ್ಲ.' ಹಹ್ಹ, ಭಲೇ ಹೆಂಗಸು. 'ನನ್ನ ಗಂಡ ಹಾಸಿಗೆ ಅಂಗಡಿಯಲ್ಲೇ ಕೆಲಸ ಮಾಡುತ್ತಾರೆ. ಊರವರ ನಿದ್ದೆ ವಿಚಾರಿಸುತ್ತಾರೆ. ಮನೆಯಲ್ಲಿ ಹೇಳಿದರೆ ಹೂಂ ಎಂದು ಮರೆಯುತ್ತಾರೆ. ಇಲ್ಲಿ ಇಷ್ಟು ಅಕ್ಕರೆಯಿಂದ ಕೇಳುತ್ತೀರಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.' ಯಾರ್ರೀ ಈ ದಡ್ಡ ಗಂಡ?"

"ನಾನೇ ಸಾರ್."

ಯಜಮಾನರು ಪರದೆಯನ್ನು ಒಪ್ಪಿಗೆಯಪ್ಪನವರ ಕಡೆ ತಿರುಗಿಸಿದರು. ಎಪ್ಪತ್ತೇಳನೆಯದು, ಕಳೆದ ಮಂಗಳವಾರದ್ದು, ಒಂದೇ ಸಾಲು: "ಎಪ್ಪತ್ತಾರು ಸಲ ಹೇಳಿದೆ. ಕೇಳುವುದು ನಿಮಗೆ ಬರುತ್ತದೆ, ಕೇಳಿಸಿಕೊಳ್ಳುವುದು ಬರುವುದಿಲ್ಲ."

ಒಪ್ಪಿಗೆಯಪ್ಪ ಅದನ್ನು ಎರಡು ಸಲ ಓದಿದರು. ಎರಡನೇ ಸಲಕ್ಕೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

"ಮನೆಗೆ ಒಂದು ಹಾಸಿಗೆ ತಗೊಂಡು ಹೋಗ್ರೀ" ಎಂದರು ಯಜಮಾನರು. "ಮತ್ತೆ ನಿಜವಾಗ್ಲೂ ಅಂತ ಕೇಳಿದ್ರೆ ನಾನು ಸುಮ್ಮನಿರಲ್ಲ."

ಕೇಳಬೇಕೆಂದು ನಾಲಿಗೆ ಎದ್ದಿತ್ತು. ಕಚ್ಚಿ ಹಿಡಿದುಕೊಂಡರು.

ಮೊಣಕಾಲು ನೋವನ್ನೂ ಲೆಕ್ಕಿಸದೆ, ಇಪ್ಪತ್ತೈದು ವರ್ಷದ ಹಿಂದಿನಂತೆ ಹಾಸಿಗೆಯನ್ನು ತಲೆ ಮೇಲೆ ಹೊತ್ತು ತಮ್ಮ ಮನೆಯ ಬಾಗಿಲು ತಟ್ಟಿದರು. ಹೆಂಡತಿ ತೆರೆದು, ಹಾಸಿಗೆಯನ್ನೂ ಅದರ ಕೆಳಗಿದ್ದ ಮನುಷ್ಯನನ್ನೂ ನೋಡಿದರು.

"ಕರೆದಿದ್ದೆ," ಎಂದರು ಆಕೆ. "ಎಪ್ಪತ್ತೇಳು ಸಲ. ಒಳಗೆ ಬನ್ನಿ."

ಒಪ್ಪಿಗೆಯಪ್ಪ ಕೇಳದೆ ಒಳಗೆ ಬಂದರು. ಹಳೇ ಹಾಸಿಗೆಯನ್ನು ಇಬ್ಬರೂ ಸೇರಿ ಎತ್ತಿದರು. ಅದರ ಹಳ್ಳದಲ್ಲಿ ಆಕೆ ಕಳೆದುಕೊಂಡಿದ್ದ ಎರಡು ಜೊತೆ ಓಲೆ, ಗ್ರಂಥಾಲಯದ ಒಂದು ಪುಸ್ತಕ, ಮಗಳ ಹಾಲುಹಲ್ಲು ಸಿಕ್ಕವು. ಇನ್ನೂ ಕೆಳಗೆ ಹೋಗಿದ್ದರೆ ನೀರು ಸಿಗುತ್ತಿತ್ತು ಎನ್ನುತ್ತಾಳೆ ಮಗಳು. ಪಟ್ಟಿಯ ವಿಷಯ ಒಪ್ಪಿಗೆಯಪ್ಪ ಎತ್ತಲಿಲ್ಲ. ಎತ್ತಿದ್ದು ಆಕೆಯೇ.

"ನಿಮ್ಮ ಫಾರಂ ಕೊಡಿ. ಗುರುತು ಹಾಕ್ತೀನಿ. ಆದ್ರೆ ಆ ಎರಡನೇದು ಇದೆಯಲ್ಲ, ಅದನ್ನ ಈಗಲೇ ಒತ್ತಲ್ಲ. ಮಲಗಿ ನೋಡಿ ಹೇಳ್ತೀನಿ."

"ಇವತ್ತು ಸಂಜೆಗೆ ಗಡುವು," ಎಂದರು ಒಪ್ಪಿಗೆಯಪ್ಪ. ಎಂದವರೇ ನಾಲಿಗೆ ಕಡಿದುಕೊಂಡು, "ಅವಸರ ಇಲ್ಲ. ದಾಕ್ಷಿಣ್ಯಕ್ಕೆ ಒತ್ತಬೇಡ" ಎಂದು ಸೇರಿಸಿದರು.

ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಲೆಕ್ಕ ಒಂಬೈನೂರ ತೊಂಬತ್ತೊಂಬತ್ತು. ಅದನ್ನೇ ಹೇಳಿದರು. ಯಜಮಾನರು ಗಡಿಯಾರ ನೋಡಿದರು, ಅಳಿಯನನ್ನು ನೋಡಿದರು. "ನನ್ನ ಹೆಸರು ಬರ್ಕೊಳ್ಳಿ. ಸಾವಿರ ಆಯ್ತಲ್ಲ."

"ಎರಡನೇ ಹೂಂ ಬೇಕು ಸಾರ್."

"ಕಳಿಸ್ರೀ, ಒತ್ತುತೀನಿ."

ಕಳಿಸಿದರು. ಯಜಮಾನರು ಇಮೇಲ್ ತೆರೆಯುವಷ್ಟರಲ್ಲಿ ಅದರ ಮೇಲೆ ನೂರಾ ಎಂಟು ಬಾಚಣಿಗೆಗಳು ಬಿದ್ದಿದ್ದವು. ಆದರೆ ಯಜಮಾನರು ಮಾತಿನ ಮನುಷ್ಯ. ತಾವು ಒತ್ತುವವರೆಗೆ ಶನಿವಾರ ಮುಗಿಯುವುದಿಲ್ಲವೆಂದು ಸಾರಿ, ಹುಡುಕುವ ಕೆಲಸ ಬಿರುಗಾಳಿಗೆ ವಹಿಸಿದರು. ಅವನು ಈಗಲೂ ಹುಡುಕುತ್ತಿದ್ದಾನೆಂದು ಕೆಲವರು ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಹತ್ತಾದರೂ ಆಕೆ ಏಳಲಿಲ್ಲ. ಒಪ್ಪಿಗೆಯಪ್ಪ ಚಹಾ ಮಾಡಿಟ್ಟುಕೊಂಡು, ಎಬ್ಬಿಸಲು ಅಪ್ಪಣೆಯಿಲ್ಲದೆ ಕೋಣೆಯ ಹೊರಗೆ ಕೂತಿದ್ದರು. ಸೋಮವಾರ ಕಂಪ್ಯೂಟರ್ ತೆರೆದಾಗ ಪಟ್ಟಿಯಲ್ಲಿ ಸಾವಿರ ಹೆಸರಿದ್ದವು. ಮೊದಲಿದ್ದ ಹೆಸರು ಈಗ ಕೊನೆಯಲ್ಲಿತ್ತು.

ಮಂಗಳವಾರ ಎಂದಿನಂತೆ ಪತ್ರ ಹೋಯಿತು: "ಪ್ರಿಯರೇ, ನಿನ್ನೆ ಚೆನ್ನಾಗಿ ನಿದ್ದೆ ಬಂತೇ?" ಹತ್ತು ನಿಮಿಷದಲ್ಲಿ ಗ್ರಂಥಾಲಯದಿಂದ ಉತ್ತರ ಬಂತು. "ಬಂತು. ಹಾಸಿಗೆ ಸಮವಾಗಿದೆ. ಈಗ ಗೊರಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಇದಕ್ಕೆ ನಿಮ್ಮ ಅಂಗಡಿಯಲ್ಲಿ ಏನಾದರೂ ಇದೆಯೇ?"

ಒಪ್ಪಿಗೆಯಪ್ಪ ತಮ್ಮ ದಿಂಬನ್ನು ಎತ್ತರಿಸುವುದಾಗಿ ಆ ಕ್ಷಣವೇ ಬರೆದರು. ಕೆಳಗೆ, ಅಭ್ಯಾಸಬಲದಿಂದ, ಒಂದು ಲಿಂಕೂ ಹಾಕಿದರು.